ಜೋಡಿ ತಪ್ಪಿದ ಪಿಸ್ಟನ್

ಸಾಯಗಾಂವದಲ್ಲಿರುವ ನನ್ನ ತಮ್ಮನ ಮಗಳು ನರ್ಸಿಂಗ್ ತರಬೇತಿಗೆ ಹೊರಡುವ ಮುಂಚೆ ನನ್ನ ಮನೆಗೆ ಬಂದಿದ್ದಳು. ಕಾಲು ಮುಟ್ಟಿ ಬಾ ಎಂದು ಅವಳಪ್ಪ ಕಳಿಸಿದ್ದ. ಅವಳು ಬಂದದ್ದು ಪ್ರಶ್ನೆ ಕೇಳಲಿಕ್ಕೆ.

"ದೊಡ್ಡಪ್ಪಾ, ಕಣ್ಣೆದುರಿಗೇ ಮಂದಿ ಸತ್ರ ಹ್ಯಾಂಗ ತಡಕೊಳ್ತಿದ್ದಿ?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳಿದೆ. ಕೈತುಂಬ ಕೆಲಸವಿದ್ದರೆ ಸಾವನ್ನು ತಡೆದುಕೊಳ್ಳಬಹುದು. ಪಕ್ಕದ ಮಂಚದವನಿಗೆ ನೀರು ಬೇಕಾಗಿರುತ್ತದೆ, ಅದರಾಚೆಯವನಿಗೆ ಪಟ್ಟಿ ಬದಲಿಸಬೇಕಾಗಿರುತ್ತದೆ. ಆದರೆ ಅವಳು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ. ಬೀದರ, ಭಾಲ್ಕಿ, ಔರಾದಗಳಲ್ಲಿ ನಾನು ನರ್ಸ್ ಆಗಿ ಕಳೆದ ವರ್ಷಗಳಲ್ಲಿ ಕೆಲಸ ಬಿಟ್ಟುಹೋದ ಹುಡುಗಿಯರನ್ನು ಬಹಳ ಕಂಡಿದ್ದೇನೆ. ರೋಗಿಯ ಸಾವಿಗೆ ಹೆದರಿ ಹೋದವರು ಒಬ್ಬರೂ ನೆನಪಾಗುವುದಿಲ್ಲ. ಹೋದವರೆಲ್ಲ ಜೊತೆಗೆ ಕೆಲಸ ಮಾಡುವವರ ನಾಲಿಗೆಗೆ ಹೆದರಿ ಹೋದರು. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಹೈದರಾಬಾದಿನಲ್ಲಿ ವಿಜ್ಞಾನದ ಪದವಿ ಓದಿದವನು. ಮತ್ತೊಮ್ಮೆ ಮಾಡಿ ನೋಡಲಾಗದ ಪ್ರಯೋಗವನ್ನು ನಂಬಬಾರದು ಎಂದು ಅಲ್ಲಿ ಕಲಿಸಿದ್ದರು. ನೆನಪನ್ನು ಮತ್ತೊಮ್ಮೆ ಮಾಡಿ ನೋಡಲಾಗುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಬರುವ ಲಲಿತಮ್ಮನವರಿಗೆ ಇದನ್ನು ಓದಿ ಹೇಳಿದ್ದೇನೆ. ಅವರೂ ನರ್ಸ್ ಆಗಿದ್ದವರು, ಈಗ ನಿವೃತ್ತರಾಗಿ ಭಾಲ್ಕಿಯಲ್ಲಿದ್ದಾರೆ. ಅವರು ಒಪ್ಪದ ಕಡೆ ಒಪ್ಪಲಿಲ್ಲವೆಂದೇ ಬರೆದಿದ್ದೇನೆ. ಉದಾಹರಣೆಗೆ, ನನ್ನ ನೆನಪಿನ ವಾರ್ಡಿನಲ್ಲಿ ಕಿಟಕಿಗಳಿಗೆ ಹಸಿರು ಪರದೆಗಳಿವೆ. ಪರದೆಗಳೇ ಇರಲಿಲ್ಲ ಅನ್ನುತ್ತಾರೆ ಅವರು. ಪರದೆಯ ವಿಷಯದಲ್ಲಿ ಸೋತಿದ್ದೇನೆ. ಉಳಿದದ್ದರಲ್ಲಿ ಸೋಲುವ ಮನಸ್ಸಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಬೀದರ ಇನ್ನೂ ಹೈದರಾಬಾದ ರಾಜ್ಯದಲ್ಲಿತ್ತು. ಪದವಿ ಮುಗಿಸಿ ಎರಡು ಕಡೆ ಸಾಲೆಯಲ್ಲಿ ಪಾಠ ಹೇಳಿ, ಒಂದು ಕಡೆ ಕಚೇರಿಯಲ್ಲಿ ಕೂತು, ಎಲ್ಲವನ್ನೂ ಬಿಟ್ಟು ನರ್ಸಿಂಗ್ ತರಬೇತಿಗೆ ಹೋದವನು. ಕೂತಲ್ಲಿ ಕೂರಲಾರದವನಿಗೆ ವಾರ್ಡಿಗಿಂತ ಒಳ್ಳೆಯ ಜಾಗವಿಲ್ಲ. ಅಪ್ಪ ಮಾತ್ರ "ಬಿ.ಎಸ್ಸಿ. ಓದಿ ಮಂದಿ ಮಲ ಬಳೀತೀಯೇನೋ" ಎಂದು ಹಲವು ದಿನ ಮಾತು ಬಿಟ್ಟಿದ್ದರು.

ಬೀದರಿನ ಆ ದವಾಖಾನೆಯ ಹೆಸರು ಬೇಡ. ಗಂಡಸರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಇಂದುಬಾಯಿ. ನಿಜಾಮನ ಕಾಲದಲ್ಲಿ ಕೆಲಸ ಕಲಿತವರು. ಗಂಜಿ ಹಾಕಿದ ಬಿಳಿ ಸೀರೆ, ಸೊಂಟದಲ್ಲಿ ಔಷಧಿ ಕಪಾಟಿನ ಕೀಲಿಗೊಂಚಲು. ಕೀಲಿಯ ಸಪ್ಪಳ ಕೇಳಿದರೆ ನಡೆಯಬಲ್ಲ ರೋಗಿಗಳೂ ಹೋಗಿ ಮಲಗಿಬಿಡುತ್ತಿದ್ದರು. ಅವರು ಕೂಡುವ ಮೊದಲು ಯಾರೂ ಕೂಡುವಂತಿಲ್ಲ. ಒಂದು ಮಾತನ್ನು ಎರಡನೆಯ ಸಲ ಕೇಳುವಂತಿಲ್ಲ. ದೊಡ್ಡ ಡಾಕ್ಟರ ಜೊತೆ ಕಿರಿಯ ನರ್ಸುಗಳು ನೇರವಾಗಿ ಮಾತಾಡುವಂತಿಲ್ಲ.

ನಾನು ಹೋದ ಮೊದಲ ದಿನವೇ ಇಂದುಬಾಯಿಯವರ ಬಲಗೈಯಂತಿದ್ದ ವಿಮಲಾ ಎಂಬ ನರ್ಸ್ ಎಲ್ಲರ ಎದುರಿಗೆ ಕೇಳಿದಳು:

"ಬಿ.ಎಸ್ಸಿ. ಸಾಹೇಬ್ರ, ಬೆಡ್‌ಪ್ಯಾನ್‌ಗೆ ಸೈನ್ಸಿನಾಗ ಏನಂತಾರ್ರಿ?"

"ಬೆಡ್‌ಪ್ಯಾನೇ ಅಂತಾರ" ಅಂದೆ.

"ಹಾಂಗಾದ್ರ ಅಷ್ಟು ಓದಿ ಏನ್ ಬಂತ್ರಿ? ಹಿಡೀರಿ, ಮೂಲಿ ಮಂಚದಾವ ಕೂಗ್ಲತ್ತಾನ."

ವಿಮಲಾ ನೋಡಿದವರ ನಡಿಗೆ, ಮಾತು ಎಲ್ಲವನ್ನೂ ನಕಲು ಮಾಡುತ್ತಿದ್ದಳು. ದೊಡ್ಡ ಡಾಕ್ಟರ ಕೆಮ್ಮನ್ನು ಆಕೆ ಕೆಮ್ಮಿದರೆ ನಾವು ನಿಂತಲ್ಲೇ ಸೆಟೆದು ನಿಲ್ಲುತ್ತಿದ್ದೆವು. ನಗು ಬರುತ್ತಿತ್ತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ವಾರ್ಡಿನ ಅಧಿಕಾರ ಇಂದುಬಾಯಿಯವರ ಕೀಲಿಯಲ್ಲಿ ಎಷ್ಟಿತ್ತೋ ಅಷ್ಟೇ ಆಕೆಯ ನಗುವಿನಲ್ಲಿಯೂ ಇತ್ತು.

ಮೌನ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೆ ಒಂದು ಬೆಳಗಿನ ರೌಂಡ್ ಸಾಕು. ಡಾಕ್ಟರು ಬಂದಾಗ ನಾವೆಲ್ಲ ಕೈ ಹಿಂದೆ ಕಟ್ಟಿಕೊಂಡು ಗೋಡೆಗುಂಟ ನಿಲ್ಲಬೇಕು. ಮನ್ನಳ್ಳಿಯ ಒಬ್ಬ ಮುದುಕನ ಮಂಚದ ಮುಂದೆ ನಿಂತು ಡಾಕ್ಟರು, "ನಿನ್ನೆಯಿಂದ ಮೂತ್ರ ಎಷ್ಟು ಸಲ ಹೋಗಿದೆ?" ಎಂದು ಕೇಳಿದರು. ಇಂದುಬಾಯಿ ರಜೆ ಮುಗಿಸಿ ಆಗಷ್ಟೇ ಬಂದಿದ್ದರು. ಗೊತ್ತಿಲ್ಲ ಅನ್ನುವ ಅಭ್ಯಾಸ ಅವರಿಗಿರಲಿಲ್ಲ. "ಛಲೋ ಹೋಗ್ಯಾನ್ರಿ ಸರ್, ನಾಕೈದು ಸಲ" ಅಂದರು. ಮುದುಕ ಮೊಣಕೈ ಊರಿ ಎದ್ದ.

"ಎಲ್ಲಿದ್ರಿ ಬಾಯಿ? ನಾ ಹೋಗಿದ್ದು ಒಂದ ಸಲ. ಉಳಿದದ್ದು ಯಾರ್ ಹೋದ್ರೋ ನನಗ ಗೊತ್ತಿಲ್ಲ."

ಅವನನ್ನು ನೋಡಿಕೊಂಡಿದ್ದ ನರ್ಸ್ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಉತ್ತರ ಅವಳ ಬಾಯಲ್ಲಿತ್ತು, ಬಾಯಿ ತೆಗೆಯುವ ಅಧಿಕಾರವಿರಲಿಲ್ಲ. ರೌಂಡ್ ಮುಗಿದ ಮೇಲೆ ಬೈಸಿಕೊಂಡವಳೂ ಅವಳೇ. ಮುದುಕ ಮಾತಾಡಿದ್ದು ಅವಳ ತಪ್ಪು.

ಇನ್ನು ಪಿಸ್ಟನ್ನಿನ ಆಟ. ಈಗಿನ ಹುಡುಗ ಹುಡುಗಿಯರಿಗೆ ಅದನ್ನು ಬಿಡಿಸಿ ಹೇಳಬೇಕು. ಆಗ ಸಿರಿಂಜುಗಳು ಗಾಜಿನವು. ಹೊರಗೊಂದು ಗಾಜಿನ ಕೊಳವೆ, ಅದರೊಳಗೆ ಆಡುವ ಗಾಜಿನ ದಂಡ. ದಂಡಕ್ಕೆ ಪಿಸ್ಟನ್ ಅನ್ನುತ್ತಿದ್ದೆವು. ಪ್ರತಿ ಕೊಳವೆಗೂ ಅದಕ್ಕೆಂದೇ ಉಜ್ಜಿ ಕೂಡಿಸಿದ ಪಿಸ್ಟನ್ ಒಂದೇ. ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತಿತ್ತು. ಬಿಚ್ಚಿ, ಕುದಿಸಿ, ಚಿಮಟದಿಂದ ಎತ್ತಿ ಮತ್ತೆ ಜೋಡಿಸಬೇಕು. ಒಂದರ ಪಿಸ್ಟನ್ನನ್ನು ಇನ್ನೊಂದರ ಕೊಳವೆಗೆ ಹಾಕಿದರೆ ಅದು ಒಳಗೆ ಹೋಗುವುದಿಲ್ಲ, ಇಲ್ಲವೆ ಸಡಿಲಾಗಿ ಔಷಧಿ ಹಿಂದಕ್ಕೆ ಹರಿದು ಕೈಮೇಲೆ ಬರುತ್ತದೆ. ಹೊಸಬರು ಬಂದರೆ ವಿಮಲಾ ಅವರ ಟ್ರೇಯಲ್ಲಿ ಒಂದು ಸಿರಿಂಜಿಗೆ ಸಡಿಲ ಪಿಸ್ಟನ್ ಹಾಕಿ, ಕುದಿಸಿದ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ರೌಂಡಿನ ಹೊತ್ತಿಗೆ ಹೊಸಬರು ಡಾಕ್ಟರ ಎದುರಿಗೆ ಔಷಧಿ ಎಳೆದುಕೊಳ್ಳಬೇಕು, ಅದು ಮೊಣಕೈವರೆಗೆ ಇಳಿಯಬೇಕು, ಡಾಕ್ಟರು ಗುರ್ ಅನ್ನಬೇಕು. ಇದು ವಾರ್ಡಿಗೆ ಸೇರಿಸಿಕೊಳ್ಳುವ ಶಾಸ್ತ್ರದಂತೆ ನಡೆದುಬಂದಿತ್ತು. ಇಂದುಬಾಯಿ ಕಂಡೂ ಕಾಣದವರಂತಿರುತ್ತಿದ್ದರು.

ನನಗೂ ಆಯಿತು. ನಾನು ಕೈ ಒರೆಸಿಕೊಂಡು, ಗಾಜು ಕಾದಾಗ ಎಷ್ಟು ಹಿಗ್ಗುತ್ತದೆ, ನಡುವೆ ಎಷ್ಟು ಸಂದಿ ಇದ್ದರೆ ದ್ರವ ಹಿಂದಕ್ಕೆ ಬರುತ್ತದೆ ಎಂದು ವಿವರಿಸತೊಡಗಿದೆ.

"ನೋಡ್ರೆವ್ವಾ, ಪಿಸ್ಟನ್ನಿಗೂ ಪಾಠ ಹೇಳ್ಲತ್ತಾರ" ಅಂದಳು ವಿಮಲಾ.

ಆಮೇಲೆ ನನ್ನ ತಂಟೆಗೆ ಬರಲಿಲ್ಲ. ಗಂಡಸು ಅನ್ನುವ ಕಾರಣಕ್ಕೋ, ನನ್ನ ಪಾಠ ಇನ್ನೊಮ್ಮೆ ಕೇಳಬೇಕಾದೀತು ಎಂಬ ಹೆದರಿಕೆಗೋ, ಗೊತ್ತಿಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ದವಾಖಾನೆಯ ಗೋಡೆಗಳು ಬದಲಾಗಲಿಲ್ಲ, ಕಿವಿಗಳು ಬದಲಾದವು. ಇನ್ನು ಯಾರ ಹುಕುಂ, ಯಾರ ಸೇವೆ ಹಿರಿದು, ಅಲ್ಲಿಯವರು ಬಂದು ನಮ್ಮ ತಲೆ ಮೇಲೆ ಕೂಡುತ್ತಾರೇನು ಎಂದು ದಿನವೂ ಗುಸುಗುಸು. ಇಂದುಬಾಯಿ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅಷ್ಟು ವರ್ಷ ಉರ್ದುವಿನಲ್ಲಿ, ಹೈದರಾಬಾದಿನ ಪದ್ಧತಿಯಲ್ಲಿ ಕೆಲಸ ಮಾಡಿದ ಹೆಂಗಸಿಗೆ ತನ್ನ ಕೆಳಗಿನ ನೆಲ ಸರಿಯುತ್ತಿದೆ ಅನ್ನಿಸಿರಬೇಕು. ಇದು ನನ್ನ ಊಹೆ, ಆಧಾರವಿಲ್ಲ.

ಆ ಗುಸುಗುಸುವಿನ ನಡುವೆ ಒಂದು ದಿನ ಲಲಿತಮ್ಮ ಬಂದರು. ತುಮಕೂರಿನ ಕಡೆಯವರು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಹಾಸಿಗೆ ಸುರುಳಿ. ಡ್ಯೂಟಿ ರೂಮಿನ ಬಾಗಿಲಲ್ಲಿ ನಿಂತು, "ನಮಸ್ಕಾರ. ಹೊಸದಾಗಿ ಡ್ಯೂಟಿಗೆ ಬಂದಿದೀನಿ. ಯಾರನ್ನ ಕಾಣಬೇಕು?" ಅಂದರು.

"ಏ, ರೇಡಿಯೊ ಮಾತಾಡ್ಲತ್ತದ!" ಅಂದಳು ವಿಮಲಾ.

ಸಂಜೆಯೊಳಗೆ ಅವರಿಗೆ ಮೈಸೂರ್ ಪಾಕ್ ಎಂದು ಹೆಸರಾಯಿತು. ಅವರು "ಹೋಗ್ತೀನಿ" ಅಂದರೆ ಮೂಲೆಯಿಂದ ಒಬ್ಬರು "ಹೋಗ್ತೀನೀ" ಎಂದು ಎಳೆಯುವರು. ಊಟಕ್ಕೆ ಕೂತಾಗ ಅವರ ಡಬ್ಬಿಯ ಮುದ್ದೆಯನ್ನು ನೋಡಿ "ಯವ್ವಾ, ಇದು ನುಂಗೋದೋ, ಗಾಯಕ್ಕ ಹಚ್ಚೋದೋ?" ಅನ್ನುವರು. ಇಷ್ಟಾದರೆ ತಮಾಷೆ ಅನ್ನಬಹುದಿತ್ತು. ಆದರೆ ಡ್ಯೂಟಿ ಬದಲಾಗುವಾಗ ರೋಗಿಗಳ ಸ್ಥಿತಿಯನ್ನೂ ಅವರಿಗೆ ಬೇಕೆಂದೇ ಉರ್ದುವಿನಲ್ಲಿ, ಬೇಗ ಬೇಗ ಹೇಳಿ ಮುಗಿಸುತ್ತಿದ್ದರು. ಲಲಿತಮ್ಮ ಆಮೇಲೆ ರೋಗಿಗಳನ್ನೇ ಕೇಳಿ ತಿಳಿದುಕೊಳ್ಳುತ್ತಿದ್ದರು, ಇಲ್ಲವೆ ನನ್ನನ್ನು.

ಅವರಿಗೆ ಕಲಿಸಿದ ದವಾಖಾನೆಯಲ್ಲಿ ಟ್ರೇ ತೆಗೆದುಕೊಳ್ಳುವವರು ಸಿರಿಂಜುಗಳ ಬಟ್ಟೆ ಬಿಚ್ಚಿ, ನೀರೆಳೆದು ನೋಡಿಯೇ ತೆಗೆದುಕೊಳ್ಳಬೇಕಿತ್ತು. ಬೀದರಿನಲ್ಲಿ ಸುತ್ತಿದ್ದನ್ನು ಸುತ್ತಿದಂತೆಯೇ ಕೊಡುವುದು ರೂಢಿ. ಬಂದ ಕೆಲವು ದಿನಕ್ಕೆ ಲಲಿತಮ್ಮ ಬಟ್ಟೆಗೆ ಕೈ ಹಾಕಿದರು.

"ಏನ್ ಮಾಡ್ಲತ್ತೀರಿ?" ಅಂದರು ಇಂದುಬಾಯಿ.

"ಒಂದ್ಸಲ ನೋಡ್ಕೊಂಡುಬಿಡ್ತೀನಿ ಸಿಸ್ಟರ್. ನಮ್ಮಲ್ಲಿ ಹಾಗೇ ಅಭ್ಯಾಸ."

"ನಿಮ್ಮಲ್ಲಿ ಮಂದಿ ಕಳ್ಳರಿರಬೇಕು. ನಾ ಈ ವಾರ್ಡಿನಾಗ ಕೂದಲಾ ಬೆಳ್ಳಗ ಮಾಡ್ಕೊಂಡೀನಿ. ನನ್ನ ಮಂದಿ ಸುತ್ತಿ ಇಟ್ಟಿದ್ದು ನೀವು ತಪಾಸಣಿ ಮಾಡ್ತೀರಿ?"

"ಹಾಗಲ್ಲ, ಸಿಸ್ಟರ್…"

"ಹ್ಯಾಂಗ ಮತ್ತ? ನಂಬಿಕಿ ಇಲ್ಲಂದ್ರ ತುಮಕೂರಿನಿಂದ ಸಿರಿಂಜ್ ತರಿಸ್ಕೋರಿ."

ಎಲ್ಲರೂ ನಕ್ಕರು. ಲಲಿತಮ್ಮ ಬಟ್ಟೆಯಿಂದ ಕೈ ತೆಗೆದರು. ಮತ್ತೆ ಎಂದೂ ಬಿಚ್ಚಲಿಲ್ಲ.

ಇಲ್ಲಿ ನಾನು ನಿಂತು ಹೇಳಬೇಕಾದದ್ದಿದೆ. ಅವರು ಕೆಲಸ ಮರೆತದ್ದಲ್ಲ. ಕೇಳಿದರೆ ಏನು ಸಿಗುತ್ತದೆ ಎಂದು ಕಲಿತದ್ದು. ಮುಂದೆ ಎಲ್ಲಿ ಹೋದರೂ ನಾನು ಹೊಸ ಹುಡುಗಿಯರಲ್ಲಿ ಮೊದಲು ನೋಡುತ್ತಿದ್ದುದು ಇದನ್ನೇ: ಇವಳು ಪ್ರಶ್ನೆ ಕೇಳುವುದನ್ನು ಯಾವಾಗ ನಿಲ್ಲಿಸಿದಳು? ಅವಳು ಹುಷಾರಾದಳು, ಹೊಂದಿಕೊಂಡಳು ಎಂದು ಇನ್‌ಚಾರ್ಜ್‌ಗಳು ಮೆಚ್ಚುವ ದಿನವೂ ಅದೇ ಆಗಿರುತ್ತಿತ್ತು.

ಲಲಿತಮ್ಮನವರಿಗೆ ಸುಮ್ಮನಿರಲು ಇನ್ನೊಂದು ಕಾರಣವಿತ್ತು. ಅವರಿನ್ನೂ ಕಾಯಂ ಆಗಿರಲಿಲ್ಲ. ದೊಡ್ಡ ಡಾಕ್ಟರು ಕೆಲಸ ಸರಿಯಿಲ್ಲ ಅಂದರೆ ಮುಗಿಯಿತು, ವಾಪಸು ಊರಿಗೆ. ಊರಿನಲ್ಲಿ ಅವರನ್ನು ಸೋದರಮಾವನಿಗೆ ಕೊಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಹೆಂಡತಿ ಸತ್ತು ಮಕ್ಕಳಿದ್ದ ಮನುಷ್ಯ, ಲಲಿತಮ್ಮನಿಗಿಂತ ಬಹಳ ದೊಡ್ಡವನು. "ಕೆಲಸ ಇರೋವರೆಗೆ ಯಾರೂ ಬಲವಂತ ಮಾಡಲ್ಲ, ಬ್ರದರ್. ಕೆಲಸ ಹೋದ ದಿನ ಮುಹೂರ್ತ ಇಡ್ತಾರೆ" ಎಂದು ಒಮ್ಮೆ ನನಗೆ ಹೇಳಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ವಾರ್ಡಿನಲ್ಲಿ ಭಾಲ್ಕಿಯ ಅರಿವೆ ಅಂಗಡಿಯ ವೀರಶೆಟ್ಟಿ ಅನ್ನುವವರು ಇದ್ದರು. ಕಾಲಿನ ಗಾಯ ಕೀವಾಗಿ ಬಂದಿದ್ದರು. ಮಾತುಗಾರ ಮನುಷ್ಯ. ನರ್ಸುಗಳ ಸೀರೆ ನೋಡಿ ಯಾವ ಮಿಲ್ಲಿನದೆಂದು ಹೇಳುತ್ತಿದ್ದರು. ಅವರಿಗೆ ಪೆನಿಸಿಲಿನ್ ಸೂಜಿ ಕೊಟ್ಟು ವಿಮಲಾ ಮುಂದಿನ ಮಂಚಕ್ಕೆ ಹೋದಳು. ಡಾಕ್ಟರು ರೌಂಡಿಗೆ ಇನ್ನೂ ಬಂದಿರಲಿಲ್ಲ. ಲಲಿತಮ್ಮ ರೌಂಡಿನ ಟ್ರೇ ಹಿಡಿದು ಬರುತ್ತಿದ್ದರು.

ವೀರಶೆಟ್ಟರು ಮಾತಿನ ನಡುವೆ ನಿಂತರು. "ಎದಿ ಬಿಗೀಲತ್ತದ್ರಿ" ಅಂದರು. ತುಟಿ ಬಾತವು. ಮೈ ಕೆಂಪಾಯಿತು, ಉಸಿರು ಸಿಳ್ಳೆಯಾಯಿತು. ಪೆನಿಸಿಲಿನ್ ಮೈಗೆ ಒಗ್ಗದವರಿಗೆ ಹೀಗಾಗುತ್ತದೆ. ಆಗ ಅಡ್ರಿನಲಿನ್ ಒಂದೇ ದಾರಿ, ಅದೂ ತಕ್ಷಣ. ಲಲಿತಮ್ಮ ಟ್ರೇಯನ್ನು ಮಂಚದ ಮೇಲೇ ಇಟ್ಟು ಗಾಜಿನ ಆಂಪೂಲ್ ಮುರಿದು, ಕೈಗೆ ಸಿಕ್ಕ ಸಿರಿಂಜಿನ ಬಟ್ಟೆ ಬಿಚ್ಚಿ ಔಷಧಿ ಎಳೆದು, ತೋಳಿಗೆ ಚುಚ್ಚಿ ಪಿಸ್ಟನ್ ಒತ್ತಿದರು. ಔಷಧಿ ವೀರಶೆಟ್ಟರ ತೋಳಿನೊಳಗೆ ಹೋಗಲಿಲ್ಲ. ಹಿಂದಕ್ಕೆ ಹರಿದು ಲಲಿತಮ್ಮನವರ ಬೆರಳುಗಳ ಮೇಲಿಂದ ಇಳಿಯಿತು.

ರೌಂಡಿನ ಹೊತ್ತಿಗೆ ನಗಲೆಂದು ಹಾಕಿಟ್ಟ ಪಿಸ್ಟನ್ ಅದು. ವಿಮಲಾ ಅತ್ತ ಮಂಚದ ಬಳಿ ಕಲ್ಲಾಗಿ ನಿಂತಿದ್ದಳು. ಟ್ರೇಯಲ್ಲಿ ಇನ್ನೊಂದು ಆಂಪೂಲ್ ಇರಲಿಲ್ಲ. ಅದು ಕಪಾಟಿನಲ್ಲಿ, ಕಪಾಟಿನ ಕೀಲಿ ಇಂದುಬಾಯಿಯವರ ಸೊಂಟದಲ್ಲಿ. ಇಂದುಬಾಯಿ ವಾರ್ಡಿನ ಬಾಗಿಲಲ್ಲಿ ನಿಂತು, ಏನಾಯಿತೆಂದು ತಿಳಿಯದೆ, "ಏನ್ ಗದ್ದಲಾ ಅದು?" ಅಂದರು.

ಆಗ ಲಲಿತಮ್ಮ ಕೂಗಿದರು.

"ಇಂದುಬಾಯಿ! ಅಡ್ರಿನಲಿನ್ ತಗೊಂಡ್ ಬನ್ನಿ! ನಿಮ್ಮ ಕೈಯಾರೆ ಜೋಡಿಸಿದ ಸಿರಿಂಜ್ ತನ್ನಿ! ನಿಂತ್ಕೋಬೇಡಿ, ಓಡಿ!"

ಸಿಸ್ಟರ್ ಅನ್ನಲಿಲ್ಲ. ಬಾಯಿಯವರೇ ಅನ್ನಲಿಲ್ಲ. ಆ ವಾರ್ಡಿನಲ್ಲಿ ಇಂದುಬಾಯಿಯವರನ್ನು ಹೆಸರು ಹಿಡಿದು ಕರೆದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಓಡು ಎಂದವರನ್ನಂತೂ ಇಲ್ಲವೇ ಇಲ್ಲ. ರಕ್ತ ತಲೆಯ ಕಡೆ ಹರಿಯಲೆಂದು ನಾನು ಮಂಚದ ಕಾಲಿನ ಕಡೆಯನ್ನು ಎತ್ತಿ ಹಿಡಿದಿದ್ದೆ. ಅಲ್ಲಿಂದ ನೋಡಿದೆ: ಆ ದಪ್ಪ ಮೈಯ ಹೆಂಗಸು ಸೀರೆಯ ನೆರಿಗೆ ಎತ್ತಿಕೊಂಡು ಓಡಿದರು. ಕೀಲಿಗೊಂಚಲು ಬಡಿದುಕೊಳ್ಳುವ ಸಪ್ಪಳ ಹೋಗಿ, ಮತ್ತೆ ಬಂತು. ಲಲಿತಮ್ಮ ಅವರ ಕೈಯಿಂದ ಸಿರಿಂಜನ್ನು ಕಸಿದುಕೊಂಡರು.

ಈ ಸಲ ಔಷಧಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ವೀರಶೆಟ್ಟರ ಉಸಿರಿನ ಸಿಳ್ಳೆ ಸಡಿಲಾಯಿತು. ಕಣ್ಣು ಬಿಟ್ಟವರೇ ನನ್ನನ್ನು ಕೇಳಿದರು: "ಯಾರ್ರಿ ಒದರಿದ್ದು? ನನ್ನ ಹೆಂಡ್ತಿ ಬಂದಾಳಂತ ತಿಳದಿದ್ದೆ."

ಮರುದಿನ ದೊಡ್ಡ ಡಾಕ್ಟರು ತಮ್ಮ ಕೋಣೆಗೆ ಲಲಿತಮ್ಮನವರನ್ನು ಕರೆಸಿದರು. ಇಂದುಬಾಯಿ, ವಿಮಲಾ, ನಾನು ಗೋಡೆಗೆ ನಿಂತೆವು. ಡಾಕ್ಟರ ಹೆಸರು ಹೇಳುವುದಿಲ್ಲ. ಕೆಟ್ಟವರಲ್ಲ. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಗಾಯಗಳನ್ನು ತಾವೇ ಮೂಸಿ ನೋಡುತ್ತಿದ್ದರು. ಆದರೆ ತಪ್ಪು ಮೇಲಿಂದ ಕೆಳಗೆ ಇಳಿಯುತ್ತದೆ, ಕೆಳಗಿನವರಲ್ಲಿ ನಿಲ್ಲುತ್ತದೆ ಎಂದು ನಂಬಿದ ಕಾಲದವರು.

"ಟ್ರೇ ನಿಮ್ಮ ಕೈಯಲ್ಲಿತ್ತು. ಕೆಟ್ಟ ಸಿರಿಂಜ್ ನಿಮ್ಮ ಕೈಯಲ್ಲಿತ್ತು. ಸಾಲದ್ದಕ್ಕೆ ನಿಮ್ಮ ಇನ್‌ಚಾರ್ಜ್ ಮೇಲೆ ಕೂಗಾಡಿದಿರಿ. ನಿಮ್ಮನ್ನು ಕಾಯಂ ಮಾಡಿ ಅಂತ ನಾನು ಹ್ಯಾಗೆ ಹೇಳಲಿ?"

ನಾನು ಮುಂದೆ ಬಂದೆ. ಅಪ್ಪಣೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಲಿಲ್ಲ ಅನ್ನುತ್ತಾರೆ ಲಲಿತಮ್ಮ. ಎತ್ತಿಟ್ಟುಕೊಂಡಿದ್ದ ಆ ಸಿರಿಂಜನ್ನು ಮೇಜಿನ ಮೇಲಿಟ್ಟು, ಕೊಳವೆಯ ನಂಬರು ಬೇರೆ, ಪಿಸ್ಟನ್ನಿನ ನಂಬರು ಬೇರೆ ಎಂದು ತೋರಿಸಿದೆ. ಸತ್ಯ ಗಾಜಿನ ಮೇಲೆ ಕೊರೆದಿತ್ತು. ಇನ್ನೇನು ಬೇಕು ಎಂದುಕೊಂಡೆ.

ಡಾಕ್ಟರು ಕನ್ನಡಕ ಏರಿಸಿ ನೋಡಿದರು. "ಸರಿ. ಅಂದ್ರೆ ಇವರು ನಂಬರ್ ನೋಡದೆ ತಗೊಂಡಿದ್ದಾರೆ. ಇನ್ನೂ ದೊಡ್ಡ ತಪ್ಪು."

ವಿಶ್ವವಿದ್ಯಾಲಯದಲ್ಲಿ ಕಲಿಸದ ಪಾಠ ಅದು. ವಸ್ತುಗಳು ತಾವಾಗಿ ಯಾರ ಪರವಾಗಿಯೂ ಮಾತಾಡುವುದಿಲ್ಲ. ಆ ಸಿರಿಂಜು ಜೋಡಿ ತಪ್ಪಿದೆ ಎಂದಷ್ಟೇ ಹೇಳಿತು. ಅದನ್ನು ಬಿಚ್ಚಿ ನೋಡಲು ಹೋದವಳಿಗೆ ಏನಾಯಿತು ಅನ್ನುವುದನ್ನು ಮನುಷ್ಯರೇ ಹೇಳಬೇಕಿತ್ತು. ನಾನು ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕೀಲಿಯ ಸಪ್ಪಳವಾಯಿತು.

"ಆಕಿ ನೋಡ್ತೇನಿ ಅಂದಿದ್ಳರಿ ಸರ್" ಅಂದರು ಇಂದುಬಾಯಿ. "ಬಂದ ಹೊಸದಾಗಿ, ಎಲ್ಲರ ಮುಂದ. ನಾ ನೋಡಗೊಡಲಿಲ್ಲ. ನಂಬಿಕಿ ಇಲ್ಲೇನು ಅಂತ ಮಾನಾ ಕಳದೆ."

ಡಾಕ್ಟರು ತಲೆ ಎತ್ತಿದರು. "ಮತ್ತೆ ಪಿಸ್ಟನ್? ಅದನ್ನ ಬದಲಾಯಿಸಿದ್ದು ಯಾರು?"

ನನ್ನ ಇನ್ನೊಂದು ಪಕ್ಕದಲ್ಲಿದ್ದ ವಿಮಲಾಳ ಕಡೆ ಇಂದುಬಾಯಿ ತಿರುಗಿಯೂ ನೋಡಲಿಲ್ಲ.

"ಹೊಸಬರಿಗಿ ಹಾಂಗ ಮಾಡೋ ಆಟ ಈ ವಾರ್ಡಿನಾಗ ಮೊದಲಿಂದ ಅದರಿ. ನನಗ ಗೊತ್ತಿತ್ತು. ನನಗೂ ನನ್ನ ಹಿರೇರು ಮಾಡಿದ್ರು. ಕೈ ಯಾರದರ ಇರ್ಲಿ ಸರ್, ವಾರ್ಡ್ ನಂದು."

"ನಿಮ್ಮ ಮೇಲೆ ಕೂಗಿದ್ದು?"

"ಕೂಗದೆ ಏನ್ ಮಾಡ್ತಾಳ್ರಿ? ಮರ್ಯಾದಿ ಕೊಟ್ಕೋತ ನಿಂತಿದ್ರ ಶೆಟ್ಟರ ಹೆಣ ಹೋಗ್ತಿತ್ತು ಭಾಲ್ಕಿಗಿ."

ಡಾಕ್ಟರು ಮೇಜಿನ ಮೇಲಿದ್ದ ಸಿರಿಂಜನ್ನು ಬದಿಗೆ ಸರಿಸಿದರು. ಆಮೇಲೆ ಲಲಿತಮ್ಮನವರಿಗೆ, "ನೀವು ವಾರ್ಡಿಗೆ ಹೋಗಿ" ಅಂದರು. ಲಲಿತಮ್ಮ ಹೋಗಲಿಲ್ಲ.

"ಕಾಯಂ ವಿಷಯ ಏನು ಸರ್?"

ಕಿರಿಯ ನರ್ಸ್ ಒಬ್ಬಳು ಅವರನ್ನು ನೇರವಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಡಾಕ್ಟರು ಇಂದುಬಾಯಿಯವರ ಕಡೆ ನೋಡಿದರು, ಅಭ್ಯಾಸ. ಇಂದುಬಾಯಿ ಕಿಟಕಿಯ ಕಡೆ ನೋಡುತ್ತಿದ್ದರು.

"ಆಗುತ್ತೆ" ಅಂದರು ಡಾಕ್ಟರು. ಆಯಿತು. ಸೋದರಮಾವನ ಮನೆಗೆ ಬೇರೆ ಹೆಣ್ಣು ಹೋಯಿತು.

ಅಂದಿನಿಂದ ನಮ್ಮ ವಾರ್ಡಿನಲ್ಲಿ ಟ್ರೇ ಕೊಡುವವರು ಬಟ್ಟೆ ಬಿಚ್ಚಿ, ನೀರೆಳೆದು, ಒತ್ತಿ ತೋರಿಸಿ ಕೊಡಬೇಕಾಯಿತು. ಮೇಲಿನಿಂದ ಬಂದ ಹುಕುಂ ಅಲ್ಲ. ಮರುದಿನ ಬೆಳಿಗ್ಗೆ ವಿಮಲಾ ತಾನಾಗಿ ಬಂದು ಲಲಿತಮ್ಮನವರ ಮುಂದೆ ಬಟ್ಟೆ ಬಿಚ್ಚಿ "ನೋಡ್ಕೋ" ಅಂದಳು, ಮುಖ ಎತ್ತದೆ. ಆಮೇಲೆ ಅದೇ ರೂಢಿಯಾಯಿತು. ಮುಂದೆ ಭಾಲ್ಕಿಗೂ ಔರಾದಕ್ಕೂ ನಾನು ಹೋದಲ್ಲೆಲ್ಲ ಈ ರೂಢಿಯನ್ನು ಹೊತ್ತುಕೊಂಡು ಹೋದೆ. ವಿಮಲಾ ಮತ್ತು ಲಲಿತಮ್ಮ ಆಮೇಲೆ ಒಟ್ಟಿಗೆ ಊಟ ಮಾಡುತ್ತಿದ್ದರು, ಗೆಳತಿಯರಾದರು ಎಂದು ನಾನು ಬರೆದಿದ್ದೆ. "ಊಟ ಮಾಡಿದ್ದು ನಿಜ. ಗೆಳತಿಯರಾಗ್ಲಿಲ್ಲ. ಹೊಡೆದುಹಾಕಿ ಅದನ್ನ" ಅಂದರು ಲಲಿತಮ್ಮ. ಹೊಡೆದುಹಾಕಿದ್ದೇನೆ.

ಕಥೆ ಇಲ್ಲಿಗೆ ಮುಗಿಯಿತು, ಎಲ್ಲರೂ ಒಳ್ಳೆಯವರಾದರು ಎಂದು ಹೇಳಿದರೆ ಹೊಸಬರಿಗೆ ಮೋಸ ಮಾಡಿದಂತೆ. ಕೆಲವು ವರ್ಷಕ್ಕೆ ಹಳೆ ಮೈಸೂರಿನ ಕಡೆಯಿಂದ ಇನ್ನಷ್ಟು ಜನ ಬಂದು ಇನ್‌ಚಾರ್ಜ್‌ಗಳಾದರು. ಈಗ ನಗುವ ಸರದಿ ಅವರದು. ನಮ್ಮ ಗಡಿಯ ಹಳ್ಳಿ ಎಕಂಬಾದಿಂದ ಬಂದ ಒಬ್ಬ ಹುಡುಗಿ "ಹ್ಯಾಂಗ" ಅಂದರೆ "ಹ್ಯಾಂಗರ್ ಬೇಕಾ?" ಅನ್ನುತ್ತಿದ್ದರು. ಅವಳ ಮಾತಿನಲ್ಲಿ ಮರಾಠಿ ಬೆರೆತಿದೆಯೆಂದು ರೋಗಿಗಳ ವಿವರ ಓದಲು ಬಿಡುತ್ತಿರಲಿಲ್ಲ. ಭಾಲ್ಕಿಯಲ್ಲಿ ಒಬ್ಬ ಇನ್‌ಚಾರ್ಜ್ ತನಗಾಗದವರಿಗೆ ಹಬ್ಬದ ದಿನವೇ ಡ್ಯೂಟಿ ಹಾಕುತ್ತಿದ್ದಳು, ಬಾಯಿಂದ ಒಂದು ಕೆಟ್ಟ ಮಾತೂ ಆಡುತ್ತಿರಲಿಲ್ಲ. ಈಗ ಪ್ಲಾಸ್ಟಿಕ್ ಸಿರಿಂಜುಗಳು ಬಂದಿವೆ. ಬದಲಾಯಿಸಲು ಪಿಸ್ಟನ್ ಇಲ್ಲ. ಮನಸ್ಸಿದ್ದವರಿಗೆ ಬೇರೆ ದಾರಿಗಳು ಸಿಗುತ್ತವೆ. ನನ್ನ ತಮ್ಮನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಮೇಲೆ ನಕ್ಕರೆ ಸಹಿಸು, ಸಹಿಸದಿರು, ಅದು ನಿನ್ನ ಇಷ್ಟ. ನಗುವಿಗೆ ಹೆದರಿ ನೋಡಬೇಕಾದದ್ದನ್ನು ನೋಡದೆ ಬಿಟ್ಟರೆ ಅದು ನಿನ್ನ ಇಷ್ಟದ ಮಾತಲ್ಲ, ಮಂಚದಲ್ಲಿ ಮಲಗಿದವನ ಜೀವದ ಮಾತು.

ಇಂದುಬಾಯಿಯವರಿಗೆ ಆ ವಿಚಾರಣೆಯ ನಂತರ ಔರಾದಕ್ಕೆ ವರ್ಗವಾಯಿತು. ಶಿಕ್ಷೆಯೆಂದು ನಾನು ಇಂದಿಗೂ ನಂಬಿದ್ದೇನೆ. ಅವರೇ ಕೇಳಿ ಹೋದರು ಎಂದು ಲಲಿತಮ್ಮ ಹೇಳುತ್ತಾರೆ. ಯಾರ ಮಾತು ನಿಜವೆಂದು ತೀರ್ಮಾನಿಸಲು ನಮ್ಮಿಬ್ಬರ ಹತ್ತಿರವೂ ಏನೂ ಇಲ್ಲ. ಔರಾದಕ್ಕೆ ಹೋಗಿ ಅವರು ಮೆತ್ತಗಾದರೇ? ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಅಲ್ಲಿಯ ಆಯಾಳನ್ನು ಕೇಳಿದೆ. "ಭಾಳ ಕಡಕ್ ಬಾಯಿ ಇದ್ರರಿ. ನಾವೆಲ್ಲಾ ಗಡಗಡ ನಡುಗ್ತಿದ್ದಿವಿ" ಅಂದಳು. ಒಂದು ದಿನ ಸತ್ಯ ಹೇಳಿದವರು ಬದುಕಿಡೀ ಬೇರೆಯವರಾಗುತ್ತಾರೆ ಎಂದು ತೋರಿಸಲು ನನ್ನಲ್ಲಿ ಪುರಾವೆಯಿಲ್ಲ. ಆ ಒಂದು ದಿನ ಹೇಳಿದರು. ಹೇಳದಿದ್ದರೂ ಅವರಿಗೇನೂ ಆಗುತ್ತಿರಲಿಲ್ಲ.

ಅವರು ಔರಾದಕ್ಕೆ ಹೊರಟ ದಿನ ಟ್ರಂಕು ಏರಿಸಲು ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ವಾರ್ಡಿನಿಂದ ಬಂದವರು ನಾನು ಮತ್ತು ಲಲಿತಮ್ಮ, ಇಬ್ಬರೇ. ವಿಮಲಾ ಬರಲಿಲ್ಲ. ನಾನು ಬಸ್ಸಿನ ಮೇಲೆ ಹತ್ತಿ ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದೆ. ಕೆಳಗೆ ಇಂದುಬಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಲಲಿತಮ್ಮನವರನ್ನು ಹತ್ತಿರ ಕರೆದರು. ಏನೋ ಹೇಳಿದರು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಲಲಿತಮ್ಮ ಬಾಯಿಗೆ ಸೆರಗು ಒತ್ತಿಕೊಂಡದ್ದು ಮಾತ್ರ ಕಂಡಿತು. ಕ್ಷಮೆ ಕೇಳಿದರು, ಇವರು ಅತ್ತರು ಎಂದು ನಾನು ಅಷ್ಟೂ ವರ್ಷ ತಿಳಿದಿದ್ದೆ, ಮಂದಿಗೆ ಹಾಗೆಯೇ ಹೇಳಿಕೊಂಡು ಬಂದಿದ್ದೆ.

ಈ ಬರಹವನ್ನು ಓದುತ್ತ ಅಲ್ಲಿಗೆ ಬಂದಾಗ ಲಲಿತಮ್ಮ ಕೈ ಎತ್ತಿ ತಡೆದರು.

"ಕ್ಷಮೆನಾ? ಇಂದುಬಾಯಿನಾ? ಏನ್ರೀ ಬ್ರದರ್, ಅಷ್ಟು ವರ್ಷ ಜೊತೇಲಿದ್ದೂ ಅವರನ್ನ ಇಷ್ಟೇನಾ ತಿಳ್ಕೊಂಡಿದ್ದು?"

"ಮತ್ತ ಅತ್ತಿದ್ದು?"

"ಎಲ್ಲಿ ಅತ್ತೆ? ನಗು ತಡೀಲಿಕ್ಕಾಗ್ಲಿಲ್ಲ."

"ಏನಂದ್ರು ಹಾಂಗಾದ್ರ?"

ಲಲಿತಮ್ಮ ಇಷ್ಟು ವರ್ಷ ಭಾಲ್ಕಿಯಲ್ಲಿದ್ದು ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಾರೆ. ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಇಂದುಬಾಯಿಯವರ ದನಿಯಲ್ಲೇ ಹೇಳಿದರು:

"ಅವತ್ತ ನನಗ ಒದರಿದಿ ನೋಡು, ದನಿ ಭಾಳ ಸಣ್ಣದಾಯ್ತು. ಇನ್ನೊಮ್ಮಿ ಒದರೋದು ಬಂದ್ರ ಜೋರ್‌ಲೆ ಒದರು."